ಮುಂಭಾರ ಇರಲಿ, ಹಿಂಭಾರ ಬೇಡ: ಕಾರಿಗೆ ಕಟ್ಟುವ ಟ್ರೇಲರ್ ಬಗ್ಗೆ ಓದುಗರ ಪ್ರಶ್ನೆಗಳು

ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಕೈತೋಟಕ್ಕೆ ಮಣ್ಣು, ಗೊಬ್ಬರ ತರಲು ಬ್ರೇಕ್ ಇಲ್ಲದ ಹಳೆಯ ಸಣ್ಣ ಟ್ರೇಲರ್ ಕೊಂಡಿದ್ದೇನೆ. ನನ್ನ ಕಾರಿನ ಖಾಲಿ ತೂಕ 1,350 ಕೆ.ಜಿ. ಎಷ್ಟು ಹೇರಬಹುದು?

ಮೊದಲು ಕಾರಿನ ಬಾಗಿಲು ತೆರೆದು ಕಂಬದ ಮೇಲಿನ ತಗಡು ನೋಡಿ. ಅಲ್ಲಿಲ್ಲದಿದ್ದರೆ ಬಾನೆಟ್ ಕೆಳಗಿರುತ್ತದೆ. ಅದರಲ್ಲಿ ನಾಲ್ಕು ತೂಕಗಳಿರುತ್ತವೆ. ಮೊದಲನೆಯದು ತುಂಬಿದ ಕಾರಿನ ಗರಿಷ್ಠ ತೂಕ, ಎರಡನೆಯದು ಕಾರು ಮತ್ತು ಟ್ರೇಲರ್ ಸೇರಿದ ಗರಿಷ್ಠ ತೂಕ. ಉಳಿದೆರಡು ಮುಂದಿನ ಮತ್ತು ಹಿಂದಿನ ಅಚ್ಚಿನವು. ಎರಡನೆಯ ಅಂಕಿ ಇಲ್ಲವೇ ಇಲ್ಲ ಎಂದಾದರೆ ಆ ಕಾರು ಎಳೆಯಲು ತಯಾರಾದದ್ದಲ್ಲ. ಅದಕ್ಕೆ ಟೋ ಬಾರ್ (ಟ್ರೇಲರ್ ಎಳೆಯಲು ಕಾರಿನ ಹಿಂದೆ ಬಿಗಿಯುವ ಕಬ್ಬಿಣದ ಚೌಕಟ್ಟು) ಕೂರಿಸುವ ಯೋಚನೆಯನ್ನೇ ಬಿಡಿ.

ಬ್ರೇಕ್ ಇಲ್ಲದ ಟ್ರೇಲರಿಗೆ ಬ್ರಿಟನ್ನಿನಲ್ಲಿ ಸರಕೂ ಸೇರಿ 750 ಕೆ.ಜಿ. ಅಥವಾ ಕಾರಿನ ಖಾಲಿ ತೂಕದ ಅರ್ಧ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ. ನಿಮ್ಮ ಲೆಕ್ಕಕ್ಕೆ 675 ಕೆ.ಜಿ. ಆದರೆ ಟ್ರೇಲರಿನ ತಗಡಿನ ಮೇಲೆ 500 ಕೆ.ಜಿ. ಎಂದಿದ್ದರೆ 500 ದಾಟುವಂತಿಲ್ಲ. ಟ್ರೇಲರೇ 150 ಕೆ.ಜಿ. ಇದ್ದರೆ ಸರಕಿಗೆ ಉಳಿಯುವುದು 350 ಕೆ.ಜಿ., ಅಂದರೆ 25 ಕೆ.ಜಿ.ಯ 14 ಚೀಲ. ಕಟ್ಟಡ ಸಾಮಗ್ರಿ ಅಂಗಡಿಯಲ್ಲಿ ಸಿಗುವ ಮರಳಿನ ದೊಡ್ಡ ಚೀಲ ಒಂದೇ ಸುಮಾರು 800 ಕೆ.ಜಿ. ತೂಗುತ್ತದೆ. ಟ್ರೇಲರಿನಲ್ಲಿ ಜಾಗ ಇದೆ ಎಂದು ಅದನ್ನು ಇಡಿಸಿಕೊಂಡವರು ಅಚ್ಚು ಬಾಗಿಸಿಕೊಳ್ಳುತ್ತಾರೆ. ಕಾರಿನ ಕೈಪಿಡಿಯಲ್ಲಿ ಬ್ರೇಕ್ ಇಲ್ಲದ ಟ್ರೇಲರಿಗೆ ಬೇರೆಯೇ ಅಂಕಿ ಕೊಟ್ಟಿರುತ್ತಾರೆ. ಅದು ಇನ್ನೂ ಕಡಿಮೆ ಇದ್ದರೆ ಅದೇ ಅಂತಿಮ.

ಮನೆ ಬದಲಿಸುವಾಗ ಟ್ರೇಲರ್ ತುಂಬ ಸಾಮಾನು ಹೇರಿ ಎಂ4 ಹೆದ್ದಾರಿಯಲ್ಲಿ ಹೊರಟೆವು. ಇಳಿಜಾರಿನಲ್ಲಿ ಲಾರಿಯೊಂದು ಪಕ್ಕದಲ್ಲಿ ಹಾದುಹೋದದ್ದೇ ಟ್ರೇಲರ್ ಮೀನಿನ ಬಾಲದ ಹಾಗೆ ಎಡಕ್ಕೂ ಬಲಕ್ಕೂ ಹೊಡೆಯತೊಡಗಿತು. ಒಟ್ಟು ತೂಕ ಮಿತಿಯೊಳಗೇ ಇತ್ತು. ವಾಷಿಂಗ್ ಮೆಷಿನ್ ಕೊನೆಗೆ ಹತ್ತಿಸಿದ್ದರಿಂದ ಹಿಂಬದಿಯಲ್ಲಿತ್ತು. ತಪ್ಪು ಎಲ್ಲಿ?

ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಉತ್ತರ ಇದೆ. ಎತ್ತಿನ ಗಾಡಿ ಹೇರಿದವರಿಗೆ ಇದು ಗೊತ್ತು: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರ ಅತಿಯಾದರೆ ಎತ್ತಿನ ಕತ್ತು ಬೀಳುತ್ತದೆ. ಟ್ರೇಲರಿಗೂ ಅದೇ ನ್ಯಾಯ. ಬ್ರಿಟನ್ನಿನಲ್ಲಿ ತುಂಬಿದ ಟ್ರೇಲರಿನ ತೂಕದ ಶೇ. 5ರಿಂದ 7ರಷ್ಟು ಭಾರ ಟೋ ಬಾಲ್ ಮೇಲೆ, ಅಂದರೆ ಟೋ ಬಾರಿನ ತುದಿಯ ಗುಂಡಿನ ಮೇಲೆ, ಬೀಳಬೇಕು ಎನ್ನುವುದು ರೂಢಿ. ಇದೇ ಮುಂಭಾರ. 400 ಕೆ.ಜಿ.ಗೆ 20ರಿಂದ 28 ಕೆ.ಜಿ.

ಈಗ ನಿಮ್ಮ ಮೆಷಿನ್ನಿನ ಲೆಕ್ಕ ಹಾಕೋಣ. ಒಳಗೆ ಕಾಂಕ್ರೀಟ್ ತುಂಡು ಇರುವುದರಿಂದ ಅದು 70 ಕೆ.ಜಿ. ತೂಗುತ್ತದೆ ಎನ್ನಿ. ಅಚ್ಚಿನಿಂದ 60 ಸೆಂ.ಮೀ. ಹಿಂದಕ್ಕಿದೆ, ಅಚ್ಚಿನಿಂದ ಕಪ್ಲಿಂಗಿಗೆ (ಟೋ ಬಾಲನ್ನು ಹಿಡಿಯುವ ಟ್ರೇಲರಿನ ಮೂತಿ) 2 ಮೀಟರ್. 70ನ್ನು 0.6ರಿಂದ ಗುಣಿಸಿ 2ರಿಂದ ಭಾಗಿಸಿದರೆ 21. ಅಂದರೆ ಮುಂಭಾರದಲ್ಲಿ 21 ಕೆ.ಜಿ.ಯನ್ನು ಆ ಒಂದೇ ಸಾಮಾನು ತಿಂದುಹಾಕಿತು. 25 ಇದ್ದದ್ದು 4ಕ್ಕೆ ಇಳಿಯಿತು. ಅದನ್ನೇ ಅಚ್ಚಿನ ನೇರ ಮೇಲಕ್ಕೆ ಇಟ್ಟಿದ್ದರೆ 25 ಹಾಗೇ ಉಳಿಯುತ್ತಿತ್ತು. ಹಿಂಭಾರವಾದ ಟ್ರೇಲರ್ ಗಡಿಯಾರದ ಲೋಲಕದಂತೆ. ಲಾರಿಯ ಗಾಳಿ ಒಮ್ಮೆ ತಳ್ಳಿದರೆ ಸಾಕು, ವೇಗ ಮತ್ತು ಇಳಿಜಾರು ಅದನ್ನು ಬೆಳೆಸುತ್ತಾ ಹೋಗುತ್ತವೆ. ಕಾರಿನ ಹಿಂಭಾಗವೂ ಹಗುರಾಗಿ ಟೈರ್ ಹಿಡಿತ ಕಡಿಮೆಯಾಗುತ್ತದೆ.

ಮುಂಭಾರ ಅಳೆಯಲು ಮನೆಯಲ್ಲಿ ಮೈತೂಕ ನೋಡುವ ಯಂತ್ರವೇ ಸಾಕು. ಸಮತಟ್ಟು ನೆಲದಲ್ಲಿ ಸಾಮಾನು ಹೇರಿದ ಟ್ರೇಲರ್ ನಿಲ್ಲಿಸಿ, ಚಕ್ರಕ್ಕೆ ಅಡೆ ಕೊಡಿ. ಕಪ್ಲಿಂಗ್ ಟೋ ಬಾಲಿನ ಎತ್ತರದಲ್ಲೇ ನಿಲ್ಲುವಷ್ಟು ಉದ್ದದ ಮರದ ತುಂಡನ್ನು ಯಂತ್ರದ ಮೇಲೆ ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಕಪ್ಲಿಂಗ್ ಇಳಿಸಿ. ಯಂತ್ರ ತೋರಿಸಿದ ಅಂಕಿಯಿಂದ ಮರದ ತೂಕ ಕಳೆಯಿರಿ. ಕಾರು ಮತ್ತು ಟೋ ಬಾರಿಗೆ ಹೇಳಿದ ಗರಿಷ್ಠವನ್ನೂ ಅದು ಮೀರಬಾರದು. ಸಾಮಾನನ್ನು ಹಿಂದೆ ಮುಂದೆ ಸರಿಸಿ ಸರಿಪಡಿಸಿ, ಆಮೇಲೆ ಜಾರದಂತೆ ಬಿಗಿಯಾಗಿ ಕಟ್ಟಿ.

ದಾರಿಯಲ್ಲಿ ಓಲಾಟ ಶುರುವಾದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಸ್ಟಿಯರಿಂಗ್ ನೇರ ಹಿಡಿದಿರಿ, ವೇಗ ತಾನೇ ಇಳಿಯಲಿ. ಗಟ್ಟಿಯಾಗಿ ಬ್ರೇಕ್ ಒತ್ತಬೇಡಿ. ಪ್ರತಿ ಓಲಾಟಕ್ಕೂ ಎದುರಾಗಿ ಸ್ಟಿಯರಿಂಗ್ ತಿರುಗಿಸಬೇಡಿ. ನೀವು ತಿರುಗಿಸುವಷ್ಟರಲ್ಲಿ ಟ್ರೇಲರ್ ಆಚೆ ಬದಿಗೆ ಹೋಗಿರುತ್ತದೆ, ನೀವೇ ಅದಕ್ಕೆ ತೂಗುಯ್ಯಾಲೆ ಆಡಿಸಿದಂತೆ ಆಗುತ್ತದೆ. ಟ್ರೇಲರ್ ಕಟ್ಟಿದ ಕಾರಿಗೆ ಬ್ರಿಟನ್ನಿನಲ್ಲಿ ಎಂ4ನಂಥ ಮೋಟಾರ್‌ವೇಯಲ್ಲಿ ಗಂಟೆಗೆ 60 ಮೈಲಿ, ವಿಭಜಕ ಇಲ್ಲದ ರಸ್ತೆಯಲ್ಲಿ 50 ಮೈಲಿ ಮಿತಿ. ಮೂರು ಲೇನ್ ಅಥವಾ ಹೆಚ್ಚು ಇರುವ ಮೋಟಾರ್‌ವೇಯಲ್ಲಿ ಬಲತುದಿಯ ಲೇನಿಗೆ ಹೋಗುವಂತಿಲ್ಲ.

ವರ್ಷಕ್ಕೆ ಎರಡು ಮೂರು ಸಲ ಮಾತ್ರ ಟ್ರೇಲರ್ ಹೊರಗೆ ತೆಗೆಯುತ್ತೇವೆ. ಹೊರಡುವ ಮುನ್ನ ಏನು ನೋಡಬೇಕು?

ಕಪ್ಲಿಂಗ್ ಕೂತಿತು ಎಂದು ಸದ್ದು ಕೇಳಿ ನಂಬಬೇಡಿ. ಹಿಡಿ ಬಿಟ್ಟ ಮೇಲೆ ಕಪ್ಲಿಂಗನ್ನು ಕೈಯಲ್ಲಿ ಮೇಲಕ್ಕೆತ್ತಿ. ಕಾರಿನ ಹಿಂಭಾಗವೂ ಜೊತೆಗೇ ಏಳಬೇಕು. ಬರೀ ಕಪ್ಲಿಂಗ್ ಎದ್ದರೆ ಅದು ಬಾಲಿನ ಮೇಲೆ ಸುಮ್ಮನೆ ಕುಳಿತಿದೆ, ಹಿಡಿದಿಲ್ಲ. ಸುರಕ್ಷತಾ ಸರಪಳಿ ತಿರುವಿಗೆ ಸಾಕಾಗುವಷ್ಟು ಸಡಿಲ ಇರಲಿ, ಆದರೆ ಕಪ್ಲಿಂಗ್ ಕಳಚಿದರೆ ಮೂತಿ ನೆಲಕ್ಕೆ ತಾಗದಷ್ಟು ಗಿಡ್ಡ ಇರಲಿ. ಬ್ರೇಕ್ ಇರುವ ಟ್ರೇಲರಿನಲ್ಲಿ ಸರಪಳಿಯ ಬದಲು ತೆಳು ಕೇಬಲ್ ಇರಬಹುದು. ಟ್ರೇಲರ್ ಕಳಚಿಕೊಂಡರೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುವುದು ಅದರ ಕೆಲಸ.

ವರ್ಷವಿಡೀ ನಿಂತಿರುವ ಟ್ರೇಲರಿನ ಟೈರ್ ಸವೆದು ಹೋಗುವುದಿಲ್ಲ, ಮುದಿಯಾಗಿ ಹೋಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ: 2316 ಎಂದರೆ 2016ರ 23ನೇ ವಾರ. ಗೀರುಬಿರುಕು ಕಂಡರೆ ಬದಲಿಸಿ, ನೆಲಕ್ಕೆ ತಾಗುವ ಮೈ (ಟ್ರೆಡ್) ಎಷ್ಟೇ ಚೆನ್ನಾಗಿರಲಿ. ಗಾಳಿ ಹಾಕಿಸಿ, ವೀಲ್ ನಟ್ ಬಿಗಿ ನೋಡಿ, ಒಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ಲೈಟ್, ಎರಡೂ ಇಂಡಿಕೇಟರ್ ಪರೀಕ್ಷಿಸಿ. 20–25 ಕಿ.ಮೀ. ಹೋದ ಮೇಲೆ ನಿಲ್ಲಿಸಿ ಹಬ್ (ಚಕ್ರದ ನಡುಭಾಗ) ಹತ್ತಿರ ಅಂಗೈಯ ಹಿಂಭಾಗ ಒಡ್ಡಿ. ಒಂದು ಹಬ್ ಇನ್ನೊಂದಕ್ಕಿಂತ ಬಹಳ ಬಿಸಿ ಇದ್ದರೆ ಬೇರಿಂಗಿನ ಗ್ರೀಸ್ ಒಣಗಿದೆ ಅಥವಾ ಬೇರಿಂಗ್ ಹೋಗುತ್ತಿದೆ; ಬ್ರೇಕ್ ಇದ್ದರೆ ಅದು ಹಿಡಿದುಕೊಂಡಿರಲೂಬಹುದು. ಮುಂದೆ ಹೋಗಬೇಡಿ.

ಹಾಸನದಲ್ಲಿದ್ದೇನೆ. ಕಾರಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಹುಕ್ ಹಾಕಿಸಿ ಸಣ್ಣ ಟ್ರೇಲರ್ ಕಟ್ಟಬಹುದೇ?

ದಯವಿಟ್ಟು ಬೇಡ. ಬಂಪರಿಗೋ ಡಿಕ್ಕಿಯ ತಳದ ತಗಡಿಗೋ ಬೆಸೆದ ಹುಕ್ ಮೊದಲ ಗುಂಡಿಯಲ್ಲೇ ಹರಿಯಬಹುದು. ತಯಾರಕರು ಎಳೆಯಲು ಒಪ್ಪಿದ ಕಾರಾಗಿರಬೇಕು, ಟೋ ಬಾರ್ ಅವರು ಹೇಳಿದ ಜಾಗದಲ್ಲೇ ಬೋಲ್ಟ್ ಆಗಬೇಕು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರಿಗೂ ನೋಂದಣಿ ಬೇಕು. 61ನೇ ಸೆಕ್ಷನ್ ಟ್ರೇಲರಿನ ಪಕ್ಕದಲ್ಲಿ ಅದರ ಸ್ವಂತ ಸಂಖ್ಯೆಯನ್ನೂ, ಜೊತೆಗೆ ಎಳೆಯುವ ವಾಹನದ ಸಂಖ್ಯೆಯನ್ನೂ ತೋರಿಸಬೇಕು ಎನ್ನುತ್ತದೆ. ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳಿ, ಆಮೇಲೆ ಹಣ ಹಾಕಿ.

ರಿವರ್ಸ್ ಮಾಡುವಾಗ ಟ್ರೇಲರ್ ಎದುರು ದಿಕ್ಕಿಗೇ ಹೋಗುತ್ತದೆ. ಸುಲಭದ ದಾರಿ ಇದೆಯೇ?

ಕೈಯನ್ನು ಸ್ಟಿಯರಿಂಗಿನ ಕೆಳಭಾಗದಲ್ಲಿ ಹಿಡಿಯಿರಿ. ಟ್ರೇಲರಿನ ಬಾಲ ಎಡಕ್ಕೆ ಹೋಗಬೇಕಾದರೆ ಕೈ ಎಡಕ್ಕೆ, ಬಲಕ್ಕಾದರೆ ಬಲಕ್ಕೆ. ಟ್ರೇಲರ್ ಎಷ್ಟು ಗಿಡ್ಡವೋ ಅಷ್ಟು ಬೇಗ ಮಡಚಿಕೊಂಡು ಬಂಪರಿಗೆ ತಾಗುತ್ತದೆ, ಹಾಗಾಗಿ ಕೈ ಎರಡು ಬೆರಳಗಲಕ್ಕಿಂತ ಹೆಚ್ಚು ಸರಿಸಬೇಡಿ. ಒಂದು ಕನ್ನಡಿಯಲ್ಲಿ ಟ್ರೇಲರ್ ಹೆಚ್ಚು ಕಾಣತೊಡಗಿದರೆ ಕೈಯನ್ನು ಆ ಕನ್ನಡಿಯಿಂದ ಆಚೆ ಬದಿಗೆ ಸ್ವಲ್ಪ ಒಯ್ಯಿರಿ. ತಪ್ಪಿತು ಅನಿಸಿದ ಕ್ಷಣವೇ ನಿಲ್ಲಿಸಿ, ಒಂದು ಕಾರಿನುದ್ದ ಮುಂದೆ ಹೋಗಿ ನೇರ ಮಾಡಿಕೊಂಡು ಮತ್ತೆ ಹಿಂದಕ್ಕೆ ಬನ್ನಿ.