ಆಟದ ಮೇಲೆ ಖಾಸಗಿ ಶಾಲೆಯ ಸೀಟು: ಓದು ಹಾಳಾಗುತ್ತಾ?

ಪ್ರಶ್ನೆ: ಮಗಳು ಕಬಡ್ಡಿ ಚೆನ್ನಾಗಿ ಆಡುತ್ತಾಳೆ. ಹಾಸನದ ಖಾಸಗಿ ಶಾಲೆಯೊಂದು ಅರ್ಧ ಫೀಸಿಗೆ 9ನೇ ತರಗತಿಗೆ ಕರೆಯುತ್ತಿದೆ. ಸೇರಿಸಬಹುದಾ?

ಉತ್ತರ: ಸೇರಿಸಿ. ಆದರೆ ಗಾಯವಾಗಿ ಆಡಲಾಗದಿದ್ದರೂ ರಿಯಾಯಿತಿ ಉಳಿಯುತ್ತದೆ ಅಂತ ಮೊದಲು ಬರೆಸಿಕೊಳ್ಳಿ. ನಮ್ಮಣ್ಣನ ಮಗನಿಗೆ ಹೀಗೇ ಸೀಟು ಸಿಕ್ಕಿತ್ತು. ಮೊಣಕಾಲು ಪೆಟ್ಟಾಯ್ತು, ಮುಂದಿನ ಜೂನ್‌ನಲ್ಲಿ ಪೂರ್ತಿ ಫೀಸಿನ ಚೀಟಿ ಬಂತು. ಮಾತೆಲ್ಲ ಬರೀ ಬಾಯಲ್ಲಿ ಆಗಿತ್ತು. ಅತ್ತಿಗೆ ಓಲೆ ಅಡ ಇಟ್ಟು ಕಟ್ಟಿದರು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತೆ.

ಇನ್ನು ಓದು. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಒಂದೊಂದೇ ಹಂತ ಗೆದ್ದಂತೆ ಪಾಠ ತಪ್ಪುವುದೂ ಜಾಸ್ತಿ. ಗಣಿತದಲ್ಲಿ ಒಂದು ಅಧ್ಯಾಯ ತಪ್ಪಿದರೆ ಮುಂದಿನದೂ ತಲೆಗೆ ಹತ್ತುವುದಿಲ್ಲ. ತಪ್ಪಿದ್ದನ್ನು ಯಾರು, ಯಾವಾಗ ಹೇಳಿಕೊಡ್ತಾರೆ ಅಂತ ಕೇಳಿ. ಸುಮ್ನೆ ‘ನೋಡ್ಕೋತೀವಿ’ ಅಂದರೆ ಒಪ್ಪಬೇಡಿ.

ಸಿಬಿಎಸ್‌ಇ ಶಾಲೆಯಾದರೆ 10ನೇ ತರಗತಿ ಪರೀಕ್ಷೆಗೆ ಶೇ. 75 ಹಾಜರಿ ಬೇಕು. ರಾಷ್ಟ್ರಮಟ್ಟಕ್ಕೆ ಆಡಿದವರಿಗೆ ದಾಖಲೆ ಕೊಟ್ಟರೆ ವಿನಾಯಿತಿ ಇದೆ. ಮುಂದೆ ಎಂಜಿನಿಯರಿಂಗ್‌ಗೆ ಕ್ರೀಡಾ ಕೋಟಾ ಇದೆ, ಆದರೆ ಸಿಇಟಿ ಬರೆಯಲೇಬೇಕು. ಹಾಗಾಗಿ ಓದನ್ನು ಪಕ್ಕಕ್ಕಿಡಬೇಡಿ.

ಒಂದು ದಿನ ಬೆಳಿಗ್ಗೆ ಅಭ್ಯಾಸದ ಹೊತ್ತಿಗೆ ಹೋಗಿ. ಆ ಶಾಲೆಯ ಹುಡುಗಿಯರ ಅಪ್ಪ ಅಮ್ಮ ಸಿಗುತ್ತಾರೆ. ಮನೆಗೆ ಬಂದ ಮೇಲೆ ಮಕ್ಕಳಿಗೆ ಪುಸ್ತಕ ತೆಗೆಯೋ ಶಕ್ತಿ ಉಳಿದಿರುತ್ತಾ ಅಂತ ಅವರನ್ನೇ ಕೇಳಿ.