ಉ: ಹಳೇ ರೋಲ್‌ಟಾಪ್ ಮೇಜಿನ ಬಾಗಿಲು ಅರ್ಧಕ್ಕೇ ನಿಲ್ಲುತ್ತಿದೆ

ರೋಲ್‌ಟಾಪ್ ಮೇಜಿನ ಮೇಲೆ ಜಾರಿ ಮುಚ್ಚುವ ಸುರುಳಿ ಬಾಗಿಲು ಯಾವಾಗಲೂ ಅರ್ಧಕ್ಕೇ ಬಿಗಿಯುತ್ತದೆ, ಎಣ್ಣೆ ಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಎಣ್ಣೆಗೆ ಧೂಳು ಕೂತು ಗ್ರೂವ್ (ಬಾಗಿಲಿನ ತುದಿಗಳು ಜಾರುವ ಅಕ್ಕಪಕ್ಕದ ಗಾಡಿ) ತುಂಬ ಜಿಡ್ಡು ಕಟ್ಟುತ್ತದೆ. ಬಾಗಿಲಿನ ಹಿಂಬದಿಗೆ ಅಂಟಿಸಿರುವ ಬಟ್ಟೆಗೆ ಇಳಿದರಂತೂ ಮುಂದೆ ಅಂಟೇ ಹಿಡಿಯುವುದಿಲ್ಲ.

ಮೊದಲು ಟಾರ್ಚ್ ಬಿಟ್ಟು ಒಳಗಡೆ ನೋಡಿ. ಈ ಬಾಗಿಲು ಅಂದರೆ ಕ್ಯಾನ್ವಾಸಿಗೆ ಅಂಟಿಸಿದ ಸಣ್ಣ ಮರದ ಪಟ್ಟಿಗಳು, ಅಷ್ಟೇ. ಒಂದೇ ಒಂದು ಪಟ್ಟಿ ಅಂಟು ಬಿಟ್ಟು ಓರೆಯಾದರೂ ಗ್ರೂವ್ ತಿರುಗುವ ಕಡೆ ಕಚ್ಚಿಕೊಳ್ಳುತ್ತದೆ. ಸದಾ ಅದೇ ಜಾಗದಲ್ಲಿ ನಿಲ್ಲುತ್ತದೆ ಅಂದಿರಲ್ಲ, ನನಗೆ ಇದರದ್ದೇ ಗುಮಾನಿ. ಹವೆ ತೇವವಾದಾಗ ಮಾತ್ರ ಬಿಗಿಯಾದರೆ ಮರ ಉಬ್ಬಿದೆ ಎಂದರ್ಥ.

ಪಟ್ಟಿಗಳೆಲ್ಲ ಗಟ್ಟಿಯಾಗಿದ್ದರೆ ಒಣ ಬ್ರಷ್‌ನಿಂದ ಗ್ರೂವ್ ಗುಡಿಸಿ, ಪಟ್ಟಿಗಳ ತುದಿಗೆ ಮೇಣದಬತ್ತಿ ಉಜ್ಜಿ, ಸಾಕು. ಸಡಿಲವಾಗಿದ್ದರೆ ಬಾಗಿಲನ್ನೇ ಹೊರತೆಗೆಯಬೇಕು. ಎಷ್ಟೋ ಮೇಜುಗಳಲ್ಲಿ ಹಿಂದಿನ ಹಲಗೆ ಬಿಚ್ಚಿದರೆ ದಾರಿ ಸಿಗುತ್ತದೆ. ಪಟ್ಟಿಗಳ ಬೆನ್ನಿಗೆ ಪೆನ್ಸಿಲ್‌ನಲ್ಲಿ ನಂಬರ್ ಬರೆದುಕೊಳ್ಳಿ, ಕ್ರಮ ತಪ್ಪಿದರೆ ಮೇಲಿನ ಬಣ್ಣ, ಮರದ ಎಳೆ ಎರಡೂ ಹೊಂದುವುದಿಲ್ಲ. ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ ಹಳೇ ಅಂಟಾದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಇಟ್ಟರೆ ಮೆತ್ತಗಾಗುತ್ತದೆ. ಹಳೇ ಬಟ್ಟೆ ಬಿಡಿಸಿ, ಹೊಸ ಬಟ್ಟೆಗೆ ಪಟ್ಟಿಗಳನ್ನು ಅಂಟಿಸುವಾಗ ಅಂಟು ತೆಳ್ಳಗೆ ಹಚ್ಚಿ. ಪಟ್ಟಿಗಳ ಸಂದಿಗೆ ನುಗ್ಗಿ ಒಣಗಿತೋ, ಬಾಗಿಲು ಆ ಜಾಗದಲ್ಲಿ ಬಾಗುವುದೇ ಇಲ್ಲ.