ಉತ್ತರ: ವೈಕಾಟೊ ಡೈರಿಗೆ ರೀಜನಲ್ ಕೌನ್ಸಿಲ್ ತಪಾಸಣೆ ಬಂದಾಗ ಏನೇನು ನೋಡುತ್ತಾರೆ

ನಮಸ್ಕಾರ ಸರ್. ನ್ಯೂಜಿಲೆಂಡ್‌ನ ವೈಕಾಟೊ ಪ್ರದೇಶದಲ್ಲಿ ಹ್ಯಾಮಿಲ್ಟನ್ ಹತ್ತಿರದ 400 ಹಸುಗಳ ಫಾರ್ಮನ್ನು ಜೂನ್ 1ರಿಂದ ಕಾಂಟ್ರಾಕ್ಟ್ ಮಿಲ್ಕರ್ (ಮಾಲೀಕರ ಫಾರ್ಮಿನಲ್ಲಿ ಕರಾರಿನ ಮೇಲೆ ಹಾಲು ಕರೆಯುವವರು) ಆಗಿ ವಹಿಸಿಕೊಳ್ಳುತ್ತಿದ್ದೀರಿ. ನೀರು, ಪರಿಸರದ ನಿಯಮ ನೋಡಿಕೊಳ್ಳುವ ರೀಜನಲ್ ಕೌನ್ಸಿಲ್‌ನವರು ಬಂದರೆ ಏನು ನೋಡುತ್ತಾರೆ, ತಪ್ಪು ಕಂಡರೆ ದಂಡ ಮಾಲೀಕರಿಗೋ ನಿಮಗೋ ಎಂದು ಕೇಳಿದ್ದೀರಿ.

ಎರಡನೆಯದಕ್ಕೆ ಮೊದಲು ಹೇಳುತ್ತೇನೆ: ಇಬ್ಬರಿಗೂ ಬರಬಹುದು. 1991ರ ರಿಸೋರ್ಸ್ ಮ್ಯಾನೇಜ್‌ಮೆಂಟ್ ಕಾಯ್ದೆಯಲ್ಲಿ ಸಗಣಿ ಬಗ್ಗಡ (ಸಗಣಿ, ಗಂಜಲ, ತೊಳೆದ ನೀರು ಸೇರಿದ್ದು) ಹಳ್ಳ ಸೇರಿದರೆ "ಬೇಕಂತ ಬಿಟ್ಟಿದ್ದಲ್ಲ" ಅನ್ನುವ ಮಾತು ನಡೆಯುವುದಿಲ್ಲ, ಉದ್ದೇಶವನ್ನು ಸಾಬೀತು ಮಾಡಬೇಕಾಗಿಯೇ ಇಲ್ಲ. ಪಂಪ್ ಹಾಕಿದ ಕೆಲಸಗಾರ, ಕೆಲಸ ವಹಿಸಿದ ಮಿಲ್ಕರ್, ಜಮೀನಿನ ಮಾಲೀಕ, ಮೂವರ ಮೇಲೂ ಕೇಸ್ ಹಾಕಲು ಅವಕಾಶವಿದೆ. 2025ರ ತಿದ್ದುಪಡಿಯಲ್ಲಿ ಕೋರ್ಟ್ ವಿಧಿಸಬಹುದಾದ ಗರಿಷ್ಠ ದಂಡ ವ್ಯಕ್ತಿಗೆ 3 ಲಕ್ಷದಿಂದ 10 ಲಕ್ಷ ಡಾಲರ್‌ಗೆ, ಕಂಪನಿಗೆ 6 ಲಕ್ಷದಿಂದ 1 ಕೋಟಿ ಡಾಲರ್‌ಗೆ ಏರಿತು. ಆ ದಂಡಕ್ಕೆ ವಿಮೆ ಮಾಡಿಸುವಂತೆಯೂ ಇಲ್ಲ. ಆದ್ದರಿಂದ ಕರಾರಿನಲ್ಲಿ ಬಗ್ಗಡ ತುಂಬಿಡುವ ಹೊಂಡ, ಪಂಪು, ಪೈಪುಗಳ ರಿಪೇರಿ ಖರ್ಚು ಯಾರದು, ದಿನನಿತ್ಯ ನೋಡಿಕೊಳ್ಳುವವರು ಯಾರು ಎಂದು ಬರೆಸಿಕೊಳ್ಳದೆ ಸಹಿ ಹಾಕಬೇಡಿ.

ತಪಾಸಣೆಗೆ ಅವರು ಮುಂಚೆ ತಿಳಿಸಿಯೇ ಬರಬೇಕೆಂದಿಲ್ಲ. ಕೌನ್ಸಿಲ್ ಕೊಟ್ಟ ಅಧಿಕಾರಪತ್ರ (ವಾರಂಟ್) ಇರುವ ಅಧಿಕಾರಿ ಸಕಾಲದಲ್ಲಿ ಜಮೀನಿನೊಳಗೆ ಬರಬಹುದು, ನೀರು, ಮಣ್ಣಿನ ಸ್ಯಾಂಪಲ್ ತೆಗೆಯಬಹುದು. ವಾಸದ ಮನೆಯೊಳಗೆ ಮಾತ್ರ ಹಾಗೆ ಬರುವಂತಿಲ್ಲ. ಗುರುತಿನ ಚೀಟಿ ಕೇಳಿ ನೋಡಿ, ಬೂಟು ತೊಳೆದು ಬರಲು ಹೇಳಿ, ಜೊತೆಯಲ್ಲೇ ನಡೆಯಿರಿ. ಅಡ್ಡಿಪಡಿಸಿದರೆ ಅದೇ ಬೇರೆ ಅಪರಾಧ. ತಪ್ಪು ನಡೆದಿದೆ ಎಂಬ ಅನುಮಾನ ಬಂದು ಹೆಸರು, ವಿಳಾಸ, ಹುಟ್ಟಿದ ದಿನಾಂಕ ಕೇಳಿದರೆ ಕೊಡಲೇಬೇಕು. ಮಿಕ್ಕ ಹೇಳಿಕೆಗೆ ವಕೀಲರನ್ನು ಕೇಳಿ ಉತ್ತರಿಸುತ್ತೇನೆ ಎನ್ನಬಹುದು.

ಈಗ ಮುಖ್ಯ ವಿಷಯ, ಬಗ್ಗಡ. ಕೊಟ್ಟಿಗೆ ತೊಳೆದ ನೀರೂ ಸೇರಿ ಹಸುವಿಗೆ ದಿನಕ್ಕೆ ಸುಮಾರು 50 ಲೀಟರ್ ಹಿಡಿಯಿರಿ. 400 ಹಸುವಿಗೆ 20,000 ಲೀಟರ್ ಆಯಿತು. ಅಂಗಳ 1,000 ಚದರ ಮೀಟರ್ ಇದ್ದು 10 ಮಿಮೀ ಮಳೆ ಬಿದ್ದರೆ ಇನ್ನೂ 10,000 ಲೀಟರ್ ಹೊಂಡಕ್ಕೆ ಬೀಳುತ್ತದೆ. ಅದಕ್ಕೇ ಮಳೆನೀರು ಬೇರ್ಪಡಿಸುವ ಡೈವರ್ಟರ್ ಇರುತ್ತದೆ, ಅತಿ ಹೆಚ್ಚು ಎಡವಟ್ಟಾಗುವುದೂ ಅಲ್ಲೇ. ಅಂಗಳ ತೊಳೆದ ಮೇಲೆ ಅದನ್ನು ಹಳ್ಳದ ಕಡೆ ತಿರುಗಿಸುತ್ತಾರೆ, ಮುಂದಿನ ಹಾಲು ಕರೆಯುವ ಮೊದಲು ವಾಪಸ್ ತಿರುಗಿಸಲು ಮರೆಯುತ್ತಾರೆ, ಇಡೀ ಹೊತ್ತಿನ ಸಗಣಿ ನೇರ ತೊರೆಗೆ ಹೋಗುತ್ತದೆ. ಹಾಲಿನ ಪಂಪ್ ಸ್ವಿಚ್ ಪಕ್ಕದಲ್ಲೇ ಡೈವರ್ಟರ್ ಯಾವ ಕಡೆ ಇದೆ ಎಂದು ತೋರಿಸುವ ದೀಪವನ್ನೋ ಫಲಕವನ್ನೋ ಹಾಕಿಸಿ. ಇದಕ್ಕೆ ಹಣ ಉಳಿಸುವುದು ಸರಿಯಲ್ಲ.

ಹುಲ್ಲುಗಾವಲಿಗೆ ಹಾಯಿಸುವಾಗ ವೈಕಾಟೊ ನಿಯಮ ಒಂದು ಸಲಕ್ಕೆ 25 ಮಿಮೀ ಮೀರಬಾರದು, ವರ್ಷಕ್ಕೆ ಹೆಕ್ಟೇರಿಗೆ 150 ಕೆಜಿ ಸಾರಜನಕ ದಾಟಬಾರದು ಎನ್ನುತ್ತದೆ. ಎಲ್ಲೂ ನಿಲ್ಲಬಾರದು, ಹರಿಯಬಾರದು. ಸಾರಜನಕದ ಮಿತಿಗೆ ಒರಟು ಲೆಕ್ಕ 100 ಹಸುವಿಗೆ 4 ಹೆಕ್ಟೇರ್, ಅಂದರೆ ನಿಮಗೆ 16. ಫೀಡ್ ಪ್ಯಾಡ್ (ಹಸುಗಳಿಗೆ ಮೇವು ಹಾಕುವ ಗಟ್ಟಿ ನೆಲದ ಅಂಗಳ) ಇದ್ದರೆ ಇನ್ನೂ ಹೆಚ್ಚು ಬೇಕು. ಆಳವನ್ನು ಕಣ್ಣಂದಾಜಿನಲ್ಲಿ ಬಿಡಬೇಡಿ. ಇರಿಗೇಟರ್ (ಬಗ್ಗಡ ಚಿಮ್ಮಿಸುತ್ತ ಸಾಗುವ ಯಂತ್ರ) ಹಾದುಹೋಗುವ ದಾರಿಗೆ ಅಡ್ಡಲಾಗಿ ಎರಡೆರಡು ಮೀಟರ್‌ಗೆ ಒಂದರಂತೆ ನೇರ ಅಂಚಿನ ಡಬ್ಬಿಗಳನ್ನಿಟ್ಟು, ದಾಟಿದ ಮೇಲೆ ಪ್ರತಿಯೊಂದರಲ್ಲಿ ಎಷ್ಟು ಮಿಮೀ ಬಿದ್ದಿದೆ ಅಳೆಯಿರಿ. ಸರಾಸರಿಯ ಜೊತೆ ಅತಿ ಹೆಚ್ಚು ಬಿದ್ದ ಡಬ್ಬಿಯನ್ನೂ ನೋಡಿ, ನಿಯಮ "ಜಮೀನಿನ ಯಾವುದೇ ಭಾಗಕ್ಕೂ" ಅನ್ವಯಿಸುತ್ತದೆ. ಹೆಚ್ಚಾದರೆ ವೇಗದ ಗೇರ್‌ಗೆ ಹಾಕಿ, ನಾಜಲ್ ಸವೆದಿದ್ದರೆ ಬದಲಿಸಿ.

25 ಮಿಮೀ ಕಾನೂನಿನ ಮಿತಿ ಅಷ್ಟೇ, ಆ ದಿನ ನೆಲ ಕುಡಿಯುವ ಶಕ್ತಿಯಲ್ಲ. ಜುಲೈ, ಆಗಸ್ಟ್ ಕರು ಹಾಕುವ ಕಾಲ, ಮಣ್ಣು ನೀರುಂಡು ತುಂಬಿರುತ್ತದೆ, 8 ಮಿಮೀ ಬಿಟ್ಟರೂ ನಿಲ್ಲುತ್ತದೆ, ಇಲ್ಲವೇ ನೆಲದಡಿಯ ಬಸಿಗಾಲುವೆ ಹಿಡಿದು ತೊರೆಗೆ ಇಳಿಯುತ್ತದೆ. ಮೇಲೆ ನಿಂತು ನೋಡಿದವರಿಗೆ ಹುಲ್ಲು ಒಣಗಿದಂತೆ ಕಾಣುತ್ತದೆ, ಪೈಪಿನ ಬಾಯಲ್ಲಿ ಹಸಿರು ನೀರು ಬರುತ್ತಿರುತ್ತದೆ. ಹಾಯಿಸಿದ ಮೇಲೆ ಬಸಿಗಾಲುವೆಯ ಬಾಯಿ ನೋಡುವ ಅಭ್ಯಾಸ ಮಾಡಿ, ಅಧಿಕಾರಿಯೂ ಅದನ್ನೇ ನೋಡುತ್ತಾರೆ. ನಿಮಗೆ ಆಸರೆ ಹೊಂಡದಲ್ಲಿ ಉಳಿದಿರುವ ಜಾಗ ಮಾತ್ರ, ಅದನ್ನು ಮಾರ್ಚ್–ಏಪ್ರಿಲ್‌ನಲ್ಲೇ ಖಾಲಿ ಮಾಡಿಟ್ಟಿರಬೇಕು. ಜೂನ್ 1ಕ್ಕೆ ಅರ್ಧ ತುಂಬಿದ ಹೊಂಡ ಒಪ್ಪಿಸಿದರೆ ನಿಮ್ಮ ಚಳಿಗಾಲ ಆಗಲೇ ಕೆಟ್ಟಿತು. ಈ ಒಂದು ವಿಷಯದಲ್ಲಿ ಈಗಲೇ ಮಾಲೀಕರ ಹತ್ತಿರ ಗಟ್ಟಿಯಾಗಿ ಮಾತಾಡಿ.

ಇರಿಗೇಟರ್ ಎಳೆಯುವ ತಂತಿ ಸಿಕ್ಕಿಕೊಳ್ಳುತ್ತದೆ, ಹೋಸ್ ಕಳಚುತ್ತದೆ, ಪಂಪು ಓಡುತ್ತಲೇ ಇರುತ್ತದೆ. ಒತ್ತಡ ಇಳಿದರೆ ತಾನೇ ನಿಲ್ಲುವ ಪ್ರೆಶರ್ ಕಟ್‌ಆಫ್ ಹೋಸ್ ಕಳಚಿದ್ದನ್ನು ಹಿಡಿಯುತ್ತದೆ. ಆದರೆ ಇರಿಗೇಟರ್ ನಿಂತಲ್ಲೇ ನಿಂತಾಗ ಒತ್ತಡ ಬದಲಾಗುವುದಿಲ್ಲ, ಅದಕ್ಕೆ ಚಲನೆ ಗಮನಿಸುವ ಬೇರೆ ಸಾಧನ ಬೇಕು. ಎರಡೂ ಇರಲಿ, ಜೊತೆಗೆ ಟೈಮರ್. ಯಂತ್ರ ಕೈಕೊಟ್ಟಿತು ಎಂಬ ವಾದವನ್ನು ಕಾನೂನು ಒಪ್ಪುತ್ತದೆ, ಆದರೆ ಅದು ಮುಂಚೆ ಊಹಿಸಲಾಗದ್ದಾಗಿರಬೇಕು, ಆದ ಮೇಲೆ ನೀವು ಸರಿಪಡಿಸಿರಬೇಕು. ಸಂಪ್‌ನ ಫ್ಲೋಟ್‌ಗೆ ನಾರು ಸುತ್ತಿಕೊಳ್ಳುವುದನ್ನು ಊಹಿಸಲಾಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ.

ಚೆಲ್ಲಿದರೆ ಪಂಪು ನಿಲ್ಲಿಸಿ, ಚರಂಡಿಗೆ ಮಣ್ಣಿನ ಕಟ್ಟೆ ಹಾಕಿ, ನಿಂತದ್ದನ್ನು ಹೊಂಡಕ್ಕೆ ವಾಪಸ್ ಎತ್ತಿ, ಕೌನ್ಸಿಲ್‌ಗೆ ನೀವೇ ಫೋನ್ ಮಾಡಿ. ಸಮಯ ಬರೆದಿಡಿ, ಫೋಟೊ ತೆಗೆಯಿರಿ.

ನೀರಿನ ಬಗ್ಗೆ ಚಿಕ್ಕದಾಗಿ. ಹಸು ಕುಡಿಯುವ ನೀರಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಕೊಟ್ಟಿಗೆ ತೊಳೆಯುವ, ಹಾಲು ತಂಪುಮಾಡುವ ನೀರಿಗೆ ಅದು ಸಿಗುವುದಿಲ್ಲ. ನೀರೆತ್ತುವ ಪರ್ಮಿಟ್ ಸೆಕೆಂಡಿಗೆ 5 ಲೀಟರ್ ಅಥವಾ ಹೆಚ್ಚಿದ್ದರೆ ಮೀಟರ್ ಕಡ್ಡಾಯ. ಪೈಪಿನ ಮೀಟರ್ 5% ಒಳಗೆ ನಿಖರವಾಗಿರಬೇಕು, 5 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಇನ್ನು ಬೇಲಿ: 1 ಮೀಟರ್‌ಗಿಂತ ಅಗಲದ ತೊರೆಯಿಂದ ಡೈರಿ ಹಸುಗಳು ಕನಿಷ್ಠ 3 ಮೀಟರ್ ದೂರವಿರಬೇಕು ಎಂದು 2020ರ ನಿಯಮ ಹೇಳುತ್ತದೆ. ಹಳೆಯ ಶಾಶ್ವತ ಬೇಲಿಗೆ ವಿನಾಯಿತಿ ಇರುವುದರಿಂದ ಕಿತ್ತುಹಾಕುವ ಮೊದಲು ಕೌನ್ಸಿಲ್‌ನಲ್ಲಿ ವಿಚಾರಿಸಿ. ತಿಂಗಳಿಗೆ ಎರಡು ಸಲಕ್ಕಿಂತ ಹೆಚ್ಚು ದಾಟಿಸುವ ಕಡೆ ಸೇತುವೆ ಅಥವಾ ಮೋರಿ ಬೇಕು.

ಅಬೇಟ್‌ಮೆಂಟ್ ನೋಟಿಸ್ (ತಪ್ಪು ನಿಲ್ಲಿಸಿ, ಸರಿಪಡಿಸಿ ಎನ್ನುವ ಆದೇಶ) ಕೈಗೆ ಬಂದರೆ ಎನ್ವಿರಾನ್‌ಮೆಂಟ್ ಕೋರ್ಟಿಗೆ ಮೇಲ್ಮನವಿ ಹಾಕಲು 15 ಕೆಲಸದ ದಿನ ಇದೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ನೋಟಿಸ್ ನಿಲ್ಲುವುದಿಲ್ಲ, ತಡೆಗೆ ಬೇರೆ ಅರ್ಜಿ ಕೊಡಬೇಕು.

ಮೇ ತಿಂಗಳಲ್ಲಿ ಮಾಲೀಕರ ಕಡೆಯಿಂದ ಕನ್ಸೆಂಟ್ (ಕೌನ್ಸಿಲ್ ಪರವಾನಗಿ) ಪ್ರತಿ, ಹಿಂದಿನ ತಪಾಸಣಾ ವರದಿಗಳು, ಹೊಂಡ ಸೋರದು ಎನ್ನುವ ಪರೀಕ್ಷೆಯ ಕಾಗದ ಕೇಳಿ ಪಡೆಯಿರಿ. ಹಳೆಯ ಮಿಲ್ಕರ್ ಹೊರಡುವ ಮೊದಲು ಅವರೊಡನೆ ಪೈಪ್‌ಲೈನ್ ಪೂರ್ತಿ ನಡೆದು, ಪ್ರತಿ ವಾಲ್ವ್, ಪ್ರತಿ ಬಸಿಗಾಲುವೆಯ ಬಾಯಿ ನಕ್ಷೆಯಲ್ಲಿ ಗುರುತು ಹಾಕಿಸಿಕೊಂಡು, ಅದರ ಒಂದು ಪ್ರತಿ ಕೊಟ್ಟಿಗೆ ಗೋಡೆಗೆ ಅಂಟಿಸಿ.